ಇಂಗ್ಲಿಷ್ ಮಾತನ್ನು ಚೀನೀ ಭಾಷೆಗೆ ತರುವಾಗ ಕನ್ನಡದ ದಾರಿ ಯಾಕೆ ಹಿಡಿಯಬಾರದು?

ಮಾಟುಂಗಾದವಳು:

ಚೀನೀ ಭಾಷೆ ಕಲಿಯುತ್ತಿರುವ ಕನ್ನಡದವರು ಮುಂಬೈ, ಪುಣೆ ಕಡೆ ನನಗೆ ಗೊತ್ತಿರುವವರೇ ಸಾಕಷ್ಟು ಜನ ಇದ್ದಾರೆ. ಒಬ್ಬರು ಫ್ಯಾಕ್ಟರಿಯಲ್ಲಿ ಚೀನಾ ಮಷೀನು ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಅಲ್ಲಿಂದ ಮಾಲು ತರಿಸುತ್ತಾರೆ, ಕೆಲವರು ಸುಮ್ನೆ ಆಸಕ್ತಿಗೆ ಕಲಿಯುತ್ತಾರೆ. ಎಲ್ಲರದೂ ಒಂದೇ ತರಹದ ಪ್ರಶ್ನೆ. "ಹೌ ಆರ್ ಯು"ಗೆ ಚೀನೀಯಲ್ಲಿ ಏನಂತಾರೆ, "ಟೇಕ್ ಕೇರ್"ಗೆ ಏನು, "ನೆವರ್ ಮೈಂಡ್"ಗೆ ಏನು.

ನಾನು ಇಂಗ್ಲಿಷಿನಿಂದ ಚೀನೀಗೆ ಅನುವಾದ ಮಾಡುವವಳು. ಹೊಟ್ಟೆಪಾಡೇ ಅದು. ನನಗೆ ಅನಿಸೋದು ಇಷ್ಟು: ಇಂಗ್ಲಿಷ್ ವಾಕ್ಯವನ್ನು ಹಿಡಿದುಕೊಂಡು ಚೀನೀಗೆ ಹೋಗಬೇಡಿ. ಅದೇ ಸಂದರ್ಭದಲ್ಲಿ ಮನೆಯಲ್ಲಿ ನಿಮ್ಮ ಅಮ್ಮ ಏನನ್ನುತ್ತಾರೆ, ಅಂಗಡಿಯಲ್ಲಿ ನೀವು ಏನನ್ನುತ್ತೀರಿ, ಅದನ್ನು ಮೊದಲು ನೆನಪು ಮಾಡಿಕೊಳ್ಳಿ. ಬಹಳ ಸಲ ಚೀನೀ ಮಾತು ಅದರ ಪಕ್ಕದಲ್ಲೇ ಸಿಗುತ್ತದೆ.

"ಹೌ ಆರ್ ಯು" ತಗೊಳ್ಳಿ. ಪಾಠದ ಪುಸ್ತಕದಲ್ಲಿ "ನಿ ಹಾವ್ ಮಾ" ಅಂತ ಇರುತ್ತದೆ. ದಿನಾ ಎದುರಾಗುವ ಪಕ್ಕದ ಮನೆಯವರನ್ನು ಚೀನೀಯರು ಹಾಗೆ ಕೇಳೋದು ಕಡಿಮೆ. "ಛ್ರ ಲ ಮಾ" ಅಂತಾರೆ, ಅಂದರೆ ಊಟ ಆಯ್ತಾ. ಇಲ್ಲಾಂದ್ರೆ ಎಲ್ಲಿಗೆ ಹೊರಟ್ರಿ ಅಂತಾರೆ. ಊಟ ಆಯ್ತಾ ಅಂದವರು ಎಲೆ ಹಾಕೋದಕ್ಕೆ ಕೇಳಿದ್ದಲ್ಲ, ಎಲ್ಲಿಗೆ ಅಂದವರಿಗೆ ನಮ್ಮ ವಿಳಾಸ ಬೇಕಾಗಿಲ್ಲ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದನ್ನು ಒಂದು ಪುಟ ವಿವರಿಸಬೇಕಾಗುತ್ತದೆ. ನಮಗೆ ಬೇಕಾಗಿಲ್ಲ, ಅಲ್ವಾ?

ಮನೆಗೆ ಬಂದವರು ಹೊರಟಾಗ ಇಂಗ್ಲಿಷಿನಲ್ಲಿ "ಟೇಕ್ ಕೇರ್". ಚೀನೀ ಮನೆಯವರು ಬಾಗಿಲಿಗೆ ಬಂದು "ಮಾನ್ ತ್ಸೋ" ಅನ್ನುತ್ತಾರೆ. ಪದಕ್ಕೆ ಪದ ನೋಡಿದರೆ ನಿಧಾನ ನಡೀರಿ. ನಾವು ಹೇಳುವ "ನಿಧಾನವಾಗಿ ಹೋಗಿ ಬನ್ನಿ" ಇದೇ ಅಲ್ವಾ?

ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು. ಒಳಗಿಂದ ಯಾರೋ ಕರೆದರು ಅಂತಿಟ್ಟುಕೊಳ್ಳಿ. ಇಂಗ್ಲಿಷಿನವರು "ಕಮಿಂಗ್" ಅಂತಾರೆ. ನಾವು ಇನ್ನೂ ಕುರ್ಚಿಯಿಂದ ಎದ್ದಿರೋದಿಲ್ಲ, ಆದರೂ "ಬಂದೆ" ಅಂತೀವಿ. ಚೀನೀಯಲ್ಲೂ "ಲಾಯ್ ಲ", ಬಂದೆ ಅಂತಲೇ. ಆ ಕೊನೆಯ "ಲ" ಇದೆಯಲ್ಲ, ಅದನ್ನು ಭೂತಕಾಲದ ಗುರುತು ಅಂತ ಕಲಿತವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಅದು ಬರೀ ಭೂತಕಾಲ ಅಲ್ಲ. ಪರಿಸ್ಥಿತಿ ಬದಲಾಯ್ತು ಅಂತಲೂ ಹೇಳುತ್ತದೆ. ಹನಿ ಬೀಳೋಕೆ ಶುರುವಾದ ತಕ್ಷಣ "ಶ್ಯಾ ಯೂ ಲ", ಮಳೆ ಬಂತು. ಇನ್ನೂ ಬರುತ್ತಾ ಇರುವ ಮಳೆಗೆ ನಾವು ಬಂತು ಅಂತೀವಲ್ಲ, ಹಾಗೆ.

ಒಂದು ಸೂಚನೆ. ಚೀನೀ ಮಾತನ್ನು ಕನ್ನಡ ಲಿಪಿಯಲ್ಲಿ ಕಿವಿಗೆ ಬಿದ್ದಂತೆ ಬರೆದಿದ್ದೇನೆ, ನೀವೂ ಹಾಗೇ ಬರೆಯಿರಿ. ಸ್ವರದ ಏರಿಳಿತಕ್ಕೆ ಗುರುತು ಹಾಕಿಲ್ಲ. ರೋಮನ್ ಬರವಣಿಗೆಯಲ್ಲಿ ಬಿ ಅಂತ ಕಾಣೋದು ನಿಜಕ್ಕೂ ನಮ್ಮ ಪ, ಪಿ ಅಂತ ಕಾಣೋದು ನಮ್ಮ ಮಹಾಪ್ರಾಣ ಫ. ಇಂಗ್ಲಿಷಿನ ಎಫ್ ಸದ್ದು ಬೇಕಾದಾಗ ಕೆಳಗೆ ಚುಕ್ಕಿ ಇಟ್ಟಿದ್ದೇನೆ.

ಚಾಕಣ್ ಕನ್ನಡಿಗ:

ಮೇಡಂ, ಒಳ್ಳೆ ವಿಷಯ ಎತ್ತಿದ್ರಿ. ನಮ್ಮಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಮಷೀನು ಕೂರಿಸೋಕೆ ಚೀನಾದಿಂದ ಟೆಕ್ನೀಷಿಯನ್ ಬರುತ್ತಾರೆ. ಮೊದಮೊದಲು ಎಲ್ಲರೂ ಅವರನ್ನು "ಮಿಸ್ಟರ್" ಅಂತ ಕರೆಯುತ್ತಿದ್ದರು. ನಾನು "ಷ್ರ ಫ಼ು" ಅನ್ನೋಕೆ ಶುರು ಮಾಡಿದೆ. ಕೈಕೆಲಸ ಬಲ್ಲ ಹಿರಿಯ ಅಂತ ಅರ್ಥ. ನಾವು ಮೇಸ್ತ್ರಿ ಅಂತೀವಲ್ಲ, ಅದಕ್ಕಿಂತ ಸ್ವಲ್ಪ ಮರ್ಯಾದೆ ಜಾಸ್ತಿ. ಅಲ್ಲಿ ಟ್ಯಾಕ್ಸಿ ಡ್ರೈವರ್‌ಗೂ ಹಾಗೇ ಕರೆಯುತ್ತಾರೆ, ನಲ್ಲಿ ರಿಪೇರಿಯವನಿಗೂ ಹಾಗೇ. ಆ ಒಂದು ಪದದಿಂದ ಅವರು ನಮ್ಮ ಜೊತೆ ಮಾತಾಡುವ ರೀತಿಯೇ ಬೇರೆ ಆಯ್ತು.

ಇಂಗ್ಲಿಷ್ "ಪ್ಲೀಸ್" ಬಗ್ಗೆಯೂ ಹೇಳಬೇಕು. ಅನುವಾದ ಮಾಡುವ ಮೊಬೈಲ್ ಆ್ಯಪ್ ಅದಕ್ಕೆ ಪ್ರತಿ ಸಲ "ಛಿಂಗ್" ಹಾಕಿಕೊಡುತ್ತದೆ. ಶಾಪ್ ಫ್ಲೋರಿನಲ್ಲಿ ಮಾತುಮಾತಿಗೆ ಛಿಂಗ್ ಅಂದರೆ ಬೋರ್ಡಿನ ಮೇಲಿನ ಸೂಚನೆ ಓದಿದಂತೆ ಇರುತ್ತದೆ. ನಾವು ಸಹ ಯಾರಿಗಾದರೂ "ದಯವಿಟ್ಟು ಆ ಸ್ಪ್ಯಾನರ್ ಕೊಡಿ" ಅಂತೀವಾ? "ಸ್ವಲ್ಪ ಆ ಸ್ಪ್ಯಾನರ್ ಕೊಡಿ" ಅಂತೀವಿ. ಆ "ಸ್ವಲ್ಪ"ದಲ್ಲೇ ವಿನಯ ಇದೆ, ಸ್ಪ್ಯಾನರ್ ಏನು ಅರ್ಧ ಕೊಡೋಕಾಗಲ್ಲ. ಚೀನೀಯಲ್ಲಿ ಆ ಕೆಲಸವನ್ನು "ಯೀ ಶ್ಯಾ" ಮಾಡುತ್ತದೆ. "ತಂಗ್ ಯೀ ಶ್ಯಾ" ಅಂದರೆ ಸ್ವಲ್ಪ ಇರಿ. "ಪಾಂಗ್ ವೋ ಖಾನ್ ಯೀ ಶ್ಯಾ" ಅಂದರೆ ನನಗೋಸ್ಕರ ಇದನ್ನು ಸ್ವಲ್ಪ ನೋಡಿ. ಈ ಎರಡು ವಾಕ್ಯದಲ್ಲಿ ನನ್ನ ಅರ್ಧ ದಿನದ ಕೆಲಸ ಆಗಿಹೋಗುತ್ತದೆ.

ಡೊಂಬಿವಲಿ ಲೋಕಲ್:

ನಾನು ಲೋಹಾರ್ ಚಾಳಿನಲ್ಲಿ ಸ್ವಿಚ್ಚು, ಎಲ್‌ಇಡಿ ಪಟ್ಟಿಗಳ ವ್ಯಾಪಾರ ಮಾಡುವವನು. ಮಾಲು ನವಾಶೇವಾ ಬಂದರಿಗೆ ಬರುತ್ತದೆ. ವ್ಯಾಪಾರದವರಿಗೆ ಬೇಕಾದ ಮಾತು ಬೇರೆ ಕಣ್ರೀ. ಇಂಗ್ಲಿಷಿನಲ್ಲಿ ಕೇಳಿದರೆ ಅವರು "ನೋ" ಅನ್ನೋದೇ ಇಲ್ಲ. "ಯಿಂಗ್ ಕಾಯ್ ಮೇಯ್ ವನ್ ಥಿ" ಅಂದರು ಅಂತಿಟ್ಟುಕೊಳ್ಳಿ. ಆ್ಯಪ್ ಅದನ್ನು "ಶುಡ್ ಬಿ ನೋ ಪ್ರಾಬ್ಲಂ" ಅಂತ ತೋರಿಸುತ್ತದೆ, ನಮ್ಮವರು ಆರ್ಡರ್ ಪಕ್ಕಾ ಅಂತ ಅಡ್ವಾನ್ಸ್ ಕಳಿಸಿಬಿಡುತ್ತಾರೆ. ಅದನ್ನು ಕನ್ನಡದಲ್ಲಿ ಕೇಳಿಸಿಕೊಳ್ಳಿ: "ಆಗಬಹುದು ಅನ್ಸುತ್ತೆ." ನಮ್ಮ ಕಡೆಯವನೊಬ್ಬ ಆಗಬಹುದು ಅನ್ಸುತ್ತೆ ಅಂದರೆ ನೀವು ದುಡ್ಡು ಕೊಡ್ತೀರಾ? ಇನ್ನೊಂದು ಸಲ ಕೇಳ್ತೀರಿ.

"ತ್ಸಾಯ್ ಷ್ವೋ ಪಾ" ಅಂದರೆ ಆಮೇಲೆ ಮಾತಾಡೋಣ. ಅದು ನಮ್ಮ "ನೋಡೋಣ ಬಿಡಿ". ಮದುವೆಗೆ ಬರ್ತೀರಾ ಅಂದರೆ ನೋಡೋಣ ಅಂದವರು ಬರಲ್ಲ ಅಂತ ನಮಗೆ ಗೊತ್ತು. "ಯೆನ್ ಚ್ಯೂ ಯೆನ್ ಚ್ಯೂ", ವಿಚಾರ ಮಾಡ್ತೀವಿ, ಅದೂ ಅಷ್ಟೇ. ಸ್ಯಾಂಪಲ್ ಬಗ್ಗೆ "ಛಾ ಪು ತ್ವೋ" ಅಂದರೆ ಮಾತ್ರ ಎಚ್ಚರ. ಹೆಚ್ಚು ಕಮ್ಮಿ ಹಾಗೇ ಇದೆ ಅಂತ ಅರ್ಥ. ಆ ಹೆಚ್ಚು ಎಷ್ಟು, ಕಮ್ಮಿ ಎಷ್ಟು ಅಂತ ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ.

ಸಂಖ್ಯೆ ವಿಷಯದಲ್ಲೂ ಇಂಗ್ಲಿಷ್ ದಾರಿ ಸುತ್ತು. ಅವರು ನಾಲ್ಕು ಸೊನ್ನೆಗೆ ಒಂದು ಹೆಸರು ಇಟ್ಟಿದ್ದಾರೆ, "ವಾನ್", ಅಂದರೆ 10,000. ನಮ್ಮ 1 ಲಕ್ಷ ಅಂದರೆ ಹತ್ತು ವಾನ್. 1 ಕೋಟಿ ಅಂದರೆ ಸಾವಿರ ವಾನ್. 10 ಕೋಟಿಗೆ ಮತ್ತೆ ಬೇರೆ ಹೆಸರು, "ಯೀ". ನಡುವೆ ಮಿಲಿಯನ್ ತಂದರೆ ಎರಡು ಸಲ ಲೆಕ್ಕ ಹಾಕಬೇಕು, ಅಲ್ಲೇ ಒಂದು ಸೊನ್ನೆ ತಪ್ಪಿಹೋಗುತ್ತದೆ. ಲಕ್ಷದಿಂದ ನೇರ ವಾನ್‌ಗೆ ಹೋಗಿ. ಮತ್ತೆ ಕೊಳ್ಳೋದೂ ಮಾಯ್, ಮಾರೋದೂ ಮಾಯ್. ಕೊಳ್ಳೋದಕ್ಕೆ ದನಿ ಇಳಿದು ಏರಬೇಕು, ಮಾರೋದಕ್ಕೆ ಮೇಲಿಂದ ಥಟ್ಟನೆ ಬೀಳಬೇಕು. ವ್ಯಾಪಾರಕ್ಕೆ ಹೋಗುವವರು ಬೇರೆ ಏನು ಕಲಿಯದಿದ್ದರೂ ಇದನ್ನು ಕಲಿತು ಹೋಗಿ.

ಕೋಥ್ರೂಡ್ ವಿದ್ಯಾರ್ಥಿನಿ:

ಅಕ್ಕ, ನಿಮ್ಮ ಮಾತು ಪೂರ್ತಿ ಒಪ್ಪೋಕಾಗಲ್ಲ. ಎರಡು ಕಾರಣ.

ಒಂದು, ಊಟ ಆಯ್ತಾ ಅನ್ನೋದು ಈಗ ದೊಡ್ಡ ಊರುಗಳ ಹುಡುಗ ಹುಡುಗಿಯರ ಬಾಯಲ್ಲಿ ಕಡಿಮೆ. ನನ್ನ ಜೊತೆ ಭಾಷೆ ಅಭ್ಯಾಸ ಮಾಡುವ ಚೀನೀ ಹುಡುಗಿ ಚಾಟ್ ಶುರು ಮಾಡೋದೇ "ತ್ಸಾಯ್ ಮಾ" ಅಂತ, ಇದ್ದೀಯಾ ಅಂತ. ಇಲ್ಲಾಂದ್ರೆ "ತ್ಸಾಯ್ ಕಾನ್ ಮಾ", ಏನ್ ಮಾಡ್ತಿದ್ದೀಯ. ಛ್ರ ಲ ಮಾ ಅವಳ ಅಜ್ಜನ ಮಾತಂತೆ. ಬಹಳ ದಿನದ ಮೇಲೆ ಸಿಕ್ಕವರಿಗೆ "ತ್ಸ್ವೇಯ್ ಚಿನ್ ತ್ಸನ್ ಮ ಯಾಂಗ್" ಸರಿಹೋಗುತ್ತದೆ. ಇತ್ತೀಚೆಗೆ ಹೇಗಿದ್ದೀರಿ ಅಂತ.

ಎರಡು, ಕನ್ನಡದ ದಾರಿಯಲ್ಲೂ ಹಳ್ಳ ಇದೆ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ, ಅವರದು ನಡುವೆ. "ನಾನು ಟೀ ಕುಡಿತೀನಿ" ಅನ್ನೋದನ್ನು ಅದೇ ಸಾಲಿನಲ್ಲಿ ಇಟ್ಟರೆ ಚೀನೀ ಆಗಲ್ಲ, ನಾನು ಕುಡಿ ಟೀ ಅನ್ನಬೇಕು. ಆಮೇಲೆ ನಾವು ಹೊರಡುವಾಗ "ಹೋಗ್ತೀನಿ" ಅಂದರೆ ಅಮ್ಮ ಬೈತಾಳೆ, "ಹೋಗಿ ಬರ್ತೀನಿ" ಅನ್ನಬೇಕು. ಚೀನೀಯಲ್ಲಿ "ವೋ ತ್ಸೋ ಲ", ನಾನು ಹೊರಟೆ ಅಷ್ಟೇ. ಅದರ ಹಿಂದೆ "ಬರ್ತೀನಿ" ಅಂಟಿಸಿದರೆ ವಾಪಸ್ ಯಾವಾಗ ಬರ್ತೀಯ ಅಂತ ಕಾಯುತ್ತಾ ಕೂರುತ್ತಾರೆ.

ಮತ್ತೆ ಕರೆಯುವ ಪದಗಳು. ನಾವು ಯಾರನ್ನಾದರೂ ಆಂಟಿ ಅಂದುಬಿಡ್ತೀವಿ. ಅಲ್ಲಿ "ಆ ಯೀ" ಅಂತ ಮೂವತ್ತರ ಆಸುಪಾಸಿನವರನ್ನು ಕರೆದರೆ ಮುಖ ಚಿಕ್ಕದಾಗುತ್ತದೆ. ಹಳೇ ಪುಸ್ತಕಗಳಲ್ಲಿ ಮಿಸ್ ಅನ್ನೋದಕ್ಕೆ "ಶ್ಯಾವ್ ಚ್ಯೆ" ಅಂತ ಇದೆ, ಚೀನಾದ ಬಹಳ ಕಡೆ ಅದಕ್ಕೆ ಈಗ ಕೆಟ್ಟ ಅರ್ಥ ಬಂದಿದೆ, ಬಳಸಲೇಬೇಡಿ.

ಮಾಟುಂಗಾದವಳು:

ಸರಿಯಾಗಿ ಹಿಡಿದ್ರಿ. ನಾನು ಕನ್ನಡದ ವಾಕ್ಯ ಇಟ್ಟುಕೊಳ್ಳಿ ಅಂತಿಲ್ಲ, ಕನ್ನಡದ ಸಂದರ್ಭ ಇಟ್ಟುಕೊಳ್ಳಿ ಅಂತಿದ್ದೇನೆ. ಪದಗಳ ಸಾಲು ಚೀನೀಯದೇ ಇರಲಿ. ಆದರೂ ಸಾಲಿನ ವಿಷಯದಲ್ಲೂ ಒಂದು ಕಡೆ ನಾವು ಅವರಿಗೆ ಹತ್ತಿರ. ಇಂಗ್ಲಿಷಿನಲ್ಲಿ "ದ ಮ್ಯಾನ್ ಹೂ ಕೇಮ್ ಎಸ್ಟರ್‌ಡೇ", ಮನುಷ್ಯ ಮೊದಲು, ವಿವರ ಆಮೇಲೆ. ಚೀನೀಯಲ್ಲಿ "ತ್ಸ್ವೋ ಥ್ಯೆನ್ ಲಾಯ್ ತ ರನ್". ನಿನ್ನೆ, ಬಂದ, ಮನುಷ್ಯ. ಒಂದು ಪದವೂ ಆಚೆ ಈಚೆ ಇಲ್ಲ. ಉದ್ದದ ಕೈಪಿಡಿಗಳಲ್ಲಿ ಇಂಗ್ಲಿಷ್ ವಿವರಗಳು ಬಾಲದ ಹಾಗೆ ಜೋತಾಡುತ್ತಿರುತ್ತವೆ. ಅದನ್ನು ತಲೆಯಲ್ಲೇ ಒಮ್ಮೆ ಕನ್ನಡ ಮಾಡಿಕೊಂಡರೆ ವಿವರ ಎಲ್ಲಾ ತಾನಾಗಿಯೇ ಮುಂದೆ ಬಂದು ನಿಲ್ಲುತ್ತದೆ.

ಹೌದು ಅಲ್ಲ ಅನ್ನೋದೂ ಹಾಗೇ. "ಬರ್ತೀರಾ?" ಅಂದರೆ ನಾವು "ಬರ್ತೀನಿ" ಅಂತೀವಿ. ಅವರೂ "ಲಾಯ್ ಮಾ?" ಅಂದರೆ "ಲಾಯ್". "ಎಸ್" ಅನ್ನೋದಕ್ಕೆ ಒಂದು ಪದ ಹುಡುಕಿ ಅದನ್ನು ಎಲ್ಲಾ ಕಡೆ ಹಾಕುವವರ ಚೀನೀ ಕೇಳೋಕೆ ತುಂಬಾ ಒರಟು.

ಇನ್ನು "ಐ ಹರ್ಡ್ ದಟ್" ಮತ್ತು "ಐ ವಾಸ್ ಟೋಲ್ಡ್". ಕರ್ಮಣಿ ಪ್ರಯೋಗದ ಪಾಠ ತೆಗೆದು ಕೂರಬೇಡಿ. ನಮ್ಮ "ಅಂತೆ" ಏನು ಮಾಡುತ್ತದೋ ಅಲ್ಲಿ "ಥಿಂಗ್ ಷ್ವೋ" ಅದನ್ನೇ ಮಾಡುತ್ತದೆ. ನೀವು ಪುಣೆಗೆ ಹೋಗ್ತೀರಂತೆ: "ಥಿಂಗ್ ಷ್ವೋ ನಿ ಯಾವ್ ಛ್ಯು ಫು ನಾ". ನಮ್ಮದು ಕೊನೆಗೆ ಅಂಟುತ್ತದೆ, ಅವರದು ಮೊದಲು ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ.

"ನೆವರ್ ಮೈಂಡ್" ಕೇಳಿದವರಿಗೆ: ಮೊದಲು ಕನ್ನಡದಲ್ಲಿ ಮೂರು ಮಾಡಿ. ಯಾರೋ ಕಾಲು ತುಳಿದು ಸಾರಿ ಅಂದರು, ನಾವು ಪರವಾಗಿಲ್ಲ ಅಂತೀವಿ, ಅದು "ಮೇಯ್ ಕ್ವಾನ್ ಶಿ". ಯಾಕೆ ಸಪ್ಪಗಿದ್ದೀಯ ಅಂದರೆ ಏನಿಲ್ಲ ಅಂತೀವಿ, ಅದು "ಮೇಯ್ ಷ್ರ". ಕೇಳಿ ಕೇಳಿ ಸಾಕಾಗಿ ಹೋಗ್ಲಿ ಬಿಡಿ ಅಂತೀವಿ, ಅದು "ಸ್ವಾನ್ ಲ". ಇಂಗ್ಲಿಷ್ ಒಂದೇ ಅಂತ ಒಂದನ್ನೇ ಕಲಿತರೆ, ಕಾಲು ತುಳಿದವರಿಗೆ "ಹೋಗ್ಲಿ ಬಿಡಿ" ಅಂದುಬಿಡುತ್ತೀರಿ, ಅವರು ಇನ್ನೂ ಕೋಪ ಇದೆ ಅಂದುಕೊಳ್ಳುತ್ತಾರೆ.

ವಾಸ್ಕೋ ಬಂದರು:

ಗೋವಾದಿಂದ ಒಂದು ಮಾತು. ನಾನು ಹಡಗು ಏಜೆಂಟರ ಹತ್ತಿರ ಕೆಲಸ ಮಾಡ್ತೀನಿ, ಮೊರ್ಮುಗಾಂವ್ ಬಂದರಿನಲ್ಲಿ. ಹಿಂದೆ ಗೋವಾದ ಕಬ್ಬಿಣದ ಅದಿರಿನ ದೊಡ್ಡ ಪಾಲು ಚೀನಾಕ್ಕೇ ಹೋಗುತ್ತಿತ್ತು. 2012ರಲ್ಲಿ ಗಣಿಗಾರಿಕೆ ನಿಂತ ಮೇಲೆ ಇಲ್ಲಿಯ ಚಿತ್ರವೇ ಬದಲಾಯ್ತು. ಆದರೂ ಚೀನೀ ನಾವಿಕರು ಈಗಲೂ ಬರುತ್ತಾರೆ.

ಹಡಗಿನವರ ಹತ್ತಿರ "ಹ್ಯಾಪಿ ಜರ್ನಿ" ಹೇಗೆ ಹೇಳೋದು ಅಂತ ಹುಡುಕಿದರೆ ಎರಡು ಸಿಗುತ್ತದೆ. "ಯೀ ಲು ಷುನ್ ಫ಼ಂಗ್", ದಾರಿಯುದ್ದಕ್ಕೂ ಗಾಳಿ ಹಿಂದಿನಿಂದ ಬೀಸಲಿ ಅಂತ. "ಯೀ ಲು ಫಿಂಗ್ ಆನ್", ದಾರಿಯುದ್ದಕ್ಕೂ ಕ್ಷೇಮ. ಹಡಗಿನವರಿಗೆ ಎರಡೂ ನಡೆಯುತ್ತದೆ. ವಿಮಾನ ಹತ್ತುವವರಿಗೆ ಮೊದಲನೆಯದನ್ನು ಹೇಳಲು ಕೆಲವರು ಹಿಂಜರಿಯುತ್ತಾರೆ, ಯಾಕಂದ್ರೆ ವಿಮಾನ ಏರೋದು ಎದುರು ಗಾಳಿಗೆ.

ಆದರೆ ನನಗೆ ಮುಖ್ಯ ಅನಿಸಿದ್ದು ಅನ್ನಬಾರದ ಮಾತುಗಳು. ಅವರ ಊಟದ ಮೇಜಿನಲ್ಲಿ ಇಡೀ ಮೀನು ಇಟ್ಟಿರುತ್ತಾರೆ. ಮೇಲಿನ ಭಾಗ ತಿಂದಾದ ಮೇಲೆ ಅದನ್ನು ಮಗುಚಲ್ಲ. ಚಾಪ್‌ಸ್ಟಿಕ್‌ನಿಂದ ಮುಳ್ಳಿನ ಸಾಲನ್ನು ಎತ್ತಿ ತೆಗೆದು ಕೆಳಗಿನದನ್ನು ತಿನ್ನುತ್ತಾರೆ. "ಮಗುಚು" ಅನ್ನುವ ಪದವನ್ನೂ ಎತ್ತಲ್ಲ, ದೋಣಿ ಮಗುಚಿದ ಹಾಗೆ ಅಂತ. ಚಾಪ್‌ಸ್ಟಿಕ್ ಹೆಸರೇ ಹೀಗೆ ಬದಲಾದದ್ದು. ಹಳೆಯ ಹೆಸರು "ಚು". "ನಿಲ್ಲು" ಅನ್ನೋದಕ್ಕೂ ಅದೇ ಸದ್ದು. ದೋಣಿ ನಡೆಸುವವರಿಗೆ ನಿಲ್ಲೋದು ಬೇಡ, ಬೇಗ ಹೋಗಬೇಕು. ಹಾಗಾಗಿ "ಬೇಗ" ಅನ್ನುವ ಸದ್ದಿರುವ "ಖ್ವಾಯ್" ಇಟ್ಟುಕೊಂಡರು, ಅದೇ ಈಗ ಎಲ್ಲರ ಬಾಯಲ್ಲಿ "ಖ್ವಾಯ್ ತ್ಸ". ನನ್ನ ಅಜ್ಜಿ ದೀಪ ಆರಿಸು ಅನ್ನೋಕೆ ಬಿಡುತ್ತಿರಲಿಲ್ಲ, ದೀಪ ಶಾಂತ ಮಾಡು ಅನ್ನಬೇಕಿತ್ತು. ಅಂಥ ಮನೆಯಲ್ಲಿ ಬೆಳೆದವರಿಗೆ ಇದು ಮೂಢನಂಬಿಕೆ ಪಟ್ಟಿ ಹಾಗೆ ಕಾಣಲ್ಲ, ಮಾತಿಗೆ ಇರುವ ಮರ್ಯಾದೆ ಅಂತ ಕಾಣುತ್ತದೆ.

ಚಾಕಣ್ ಕನ್ನಡಿಗ:

ಹೌದು ಸರ್. ಇಲ್ಲಿ ಒಂದು ಕಂಪನಿಯವರು ಬೀಳ್ಕೊಡುಗೆಗೆ ಚೀನೀ ಅತಿಥಿಗಳಿಗೆ ಗೋಡೆ ಗಡಿಯಾರ ಕೊಡಲು ಪ್ಯಾಕ್ ಮಾಡಿಸಿಟ್ಟಿದ್ದರು. ಗಡಿಯಾರ ಕೊಡೋದು ಅಂದರೆ "ಸುಂಗ್ ಚುಂಗ್". ಸಾಯುವವರ ಕೊನೆಗಾಲದಲ್ಲಿ ಜೊತೆಗಿರೋದು ಅನ್ನೋದಕ್ಕೂ ಅದೇ ಸದ್ದು. ಅವರ ಜೊತೆ ಬಂದಿದ್ದ ದುಭಾಷಿ ನೋಡಿ ಬದಲಾಯಿಸಿದರು.

ಒಂದು ಸಹಾಯ ಬೇಕು. ನಮ್ಮ ಷ್ರ ಫ಼ು ಒಬ್ಬರ ತಂದೆ ತೀರಿಹೋದರಂತೆ. "ಸಾರಿ ಫಾರ್ ಯುವರ್ ಲಾಸ್" ಅಂತ ಕಳಿಸಬೇಕು. ಆ್ಯಪ್ "ತ್ವೇಯ್ ಪು ಛಿ" ಅಂತ ಕೊಡುತ್ತಿದೆ. ಅದು ಕ್ಷಮೆ ಕೇಳೋದಲ್ವಾ?

ಮಾಟುಂಗಾದವಳು:

ಅದನ್ನು ಕಳಿಸಬೇಡಿ. ನೀವೇ ತಪ್ಪು ಮಾಡಿದಂತೆ ಆಗುತ್ತದೆ. ನಾವು ಸಾವಿನ ಮನೆಯಲ್ಲಿ ಸಾರಿ ಅನ್ನಲ್ಲ. ಧೈರ್ಯ ತಗೊಳ್ಳಿ ಅಂತೀವಿ, ಅಷ್ಟು ಸಾಲದೆ ಸ್ವಲ್ಪ ಏನಾದ್ರೂ ತಿನ್ನಿ, ಮೈ ನೋಡ್ಕೊಳ್ಳಿ ಅಂತೀವಿ. ಅವರದೂ ಅದೇ. "ಛಿಂಗ್ ಚ್ಯೆ ಆಯ್, ಪಾವ್ ಚುಂಗ್ ಷನ್ ಥಿ." ದುಃಖವನ್ನು ಸ್ವಲ್ಪ ತಡೆದುಕೊಳ್ಳಿ, ಮೈ ಕಡೆ ಗಮನ ಇರಲಿ.

ಇಲ್ಲಿ ಮಾತ್ರ ಆ ಛಿಂಗ್ ಇರಲಿ. ಸ್ಪ್ಯಾನರ್ ಕೇಳುವಾಗ ಗಟ್ಟಿ ಅನಿಸಿದ್ದು ಇಲ್ಲಿ ಬೇಕಾಗುತ್ತದೆ. ಅವರು ನಿಮಗಿಂತ ಹಿರಿಯರಾದರೆ ಸಂದೇಶದಲ್ಲಿ "ನಿ" ಬೇಡ, "ನಿನ್" ಬಳಸಿ. ನಮಗೆ ಕೇಳೋಕೆ ಉಲ್ಟಾ ಅನಿಸುತ್ತದೆ, ಆದರೆ ಅಲ್ಲಿ ನಿ ಅಂದರೆ ನೀನು, ನಿನ್ ಅಂದರೆ ನೀವು. ಸಾವಿನ ಸಂದೇಶದಲ್ಲಿ ನಗು ಮುಖದ ಚಿತ್ರ, ಹೂವಿನ ಚಿತ್ರ ಏನೂ ಹಾಕಬೇಡಿ. ಈ ಎರಡು ಸಾಲು ಸಾಕು.

ಸೊಲ್ಲಾಪುರದವರು, ಈಗ ಪುಣೆ:

ಬಹಳ ಸಂತೋಷವಾಯ್ತು ಈ ಚರ್ಚೆ ಓದಿ. ಸೊಲ್ಲಾಪುರದವನು ಅಂದಮೇಲೆ ಡಾಕ್ಟರ್ ಕೋಟ್ನಿಸ್ ಹೆಸರು ಹೇಳದೆ ಹೇಗಿರಲಿ. ನಮ್ಮೂರಲ್ಲಿ 1910ರಲ್ಲಿ ಹುಟ್ಟಿದವರು, ಮುಂಬೈಯಲ್ಲಿ ವೈದ್ಯಕೀಯ ಓದಿದವರು. 1938ರಲ್ಲಿ ಐದು ಜನ ಭಾರತೀಯ ವೈದ್ಯರ ತಂಡದಲ್ಲಿ ಯುದ್ಧದ ನಡುವೆ ಚೀನಾಕ್ಕೆ ಹೋದರು. ಅಲ್ಲಿಯ ಭಾಷೆ ಕಲಿತರು, ಅಲ್ಲಿಯವರನ್ನೇ ಮದುವೆಯಾದರು, 1942ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಚೀನೀಯರು ಅವರನ್ನು "ಖ ತಿ ಹ್ವಾ" ಅಂತ ಕರೆಯುತ್ತಾರೆ. ಆ ಐದೂ ಜನ ತಮ್ಮ ಚೀನೀ ಹೆಸರಿನ ಕೊನೆಗೆ "ಹ್ವಾ" ಸೇರಿಸಿಕೊಂಡಿದ್ದರು. ಹ್ವಾ ಅಂದರೆ ಚೀನಾ.

ನನ್ನ ಆಸಕ್ತಿ ಗಾದೆಗಳಲ್ಲಿ. ಇಂಗ್ಲಿಷಿನವರು ಹಂದಿಗಳ ಮುಂದೆ ಮುತ್ತು ಚೆಲ್ಲುತ್ತಾರೆ. ಚೀನೀಯರು "ತ್ವೇಯ್ ನ್ಯೂ ಥಾನ್ ಛಿನ್" ಅಂತಾರೆ, ದನದ ಮುಂದೆ ತಂತಿವಾದ್ಯ ನುಡಿಸೋದು. ನಮ್ಮದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ! ಕಿನ್ನರಿಯೂ ತಂತಿಯದೇ. "ಚಿಂಗ್ ತಿ ಚ್ರ ವಾ" ಅಂದರೆ ಬಾವಿ ತಳದ ಕಪ್ಪೆ, ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ. "ಲಿನ್ ಖ ಚ್ವೆ ಚಿಂಗ್" ಅಂದರೆ ಬಾಯಾರಿದ ಮೇಲೆ ಬಾವಿ ತೋಡೋದು. ನಾವು ಮನೆಗೆ ಬೆಂಕಿ ಬಿದ್ದಾಗ ತೋಡುತ್ತೇವೆ. ಕಾರಣ ಬೇರೆ, ಬಾವಿ ಒಂದೇ.

ಒಂದು ಕಡೆ ಮಾತ್ರ ಮೂರೂ ಬೇರೆ. ಯಾರ ಬಗ್ಗೆ ಮಾತಾಡುತ್ತಿರುತ್ತೇವೋ ಅವರೇ ಬಂದರೆ ಇಂಗ್ಲಿಷಿನಲ್ಲಿ ದೆವ್ವದ ಹೆಸರೆತ್ತಿದರೆ ದೆವ್ವ ಬಂತು ಅಂತಾರೆ. ಚೀನೀಯಲ್ಲಿ "ತ್ಸಾವ್ ತ್ಸಾವ್ ಹೆಸರೆತ್ತಿದರೆ ತ್ಸಾವ್ ತ್ಸಾವ್ ಬಂದ". ಅವನು ಎರಡನೆಯ ಮೂರನೆಯ ಶತಮಾನದ ಒಬ್ಬ ದೊಡ್ಡ ಸೇನಾನಿ, 220ರಲ್ಲಿ ಸತ್ತವನು. ನಾವು ಮಾತ್ರ "ನಿಮಗೆ ನೂರು ವರ್ಷ ಆಯಸ್ಸು" ಅಂತೀವಿ. ನಮ್ಮದೇ ಚೆನ್ನಾಗಿದೆ, ಇದು ನನ್ನ ಪಕ್ಷಪಾತ.

ಕೋಥ್ರೂಡ್ ವಿದ್ಯಾರ್ಥಿನಿ:

ಕಾಕಾ, ಕೋಣ ಕಿನ್ನರಿ ಬರೆದುಕೊಂಡೆ. ಆದರೆ ಕಲಿಯುವವರಿಗೆ ಒಂದು ಎಚ್ಚರಿಕೆ: ಈ ನಾಲ್ಕಕ್ಷರದ ಮಾತುಗಳನ್ನು ಹರಟೆಯಲ್ಲಿ ಮೇಲಿಂದ ಮೇಲೆ ಹಾಕಿದರೆ ಭಾಷಣ ಮಾಡಿದಂತೆ ಆಗುತ್ತದೆ. "ರೇನಿಂಗ್ ಕ್ಯಾಟ್ಸ್ ಆಂಡ್ ಡಾಗ್ಸ್"ಗೆ ಎಲ್ಲಾ ಪಟ್ಟಿಯಲ್ಲೂ "ಛಿಂಗ್ ಫನ್ ತಾ ಯೂ" ಅಂತ ಇದೆ, ಬೋಗುಣಿ ಮಗುಚಿದಂಥ ಮಳೆ. ಜುಲೈ ತಿಂಗಳಲ್ಲಿ ದಾದರ್ ಸ್ಟೇಷನ್ನಿನಲ್ಲಿ ನಿಂತು ಅಮ್ಮನಿಗೆ ಫೋನ್ ಮಾಡುವಾಗ ನಾವು "ಧಾರಾಕಾರ ವೃಷ್ಟಿ" ಅಂತೀವಾ? "ಸಿಕ್ಕಾಪಟ್ಟೆ ಮಳೆ" ಅಂತೀವಿ. ಅದಕ್ಕೆ "ಯೂ ಥಾಯ್ ತಾ ಲ", ಮಳೆ ತುಂಬಾ ಜೋರು, ಅಷ್ಟು ಸಾಕು.

"ಗುಡ್ ಲಕ್" ಬಗ್ಗೆ ಯಾರೂ ಹೇಳಲಿಲ್ಲ. ಪರೀಕ್ಷೆಗೆ ಹೊರಟವರಿಗೆ "ಚ್ಯಾ ಯೋ" ಅಂತಾರೆ. ಎಣ್ಣೆ ಹಾಕು ಅಂತ ಪದದ ಅರ್ಥ. ಇದರ ಇಂಗ್ಲಿಷ್ ರೂಪ "ಆ್ಯಡ್ ಆಯಿಲ್" 2018ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೇ ಸೇರಿತು. ಅದೃಷ್ಟ ಬರಲಿ ಅಂತಲ್ಲ, ನೀನು ಜೋರು ಮಾಡು ಅಂತ.

ಲೋಕಲ್ ಟ್ರೇನಿನವರಿಗೆ ಒಂದು. ಬಾಗಿಲ ಹತ್ತಿರ ನಿಂತವರ ಬೆನ್ನು ತಟ್ಟಿ "ಉತರ್ನಾ ಹೈ ಕ್ಯಾ" ಅಂತ ಕೇಳ್ತೀವಲ್ಲ, ಚೀನಾದ ತುಂಬಿದ ಬಸ್ಸಿನಲ್ಲೂ "ಶ್ಯಾ ಛ ಮಾ", ಇಳೀತೀರಾ ಅಂತಲೇ ಕೇಳುತ್ತಾರೆ. ಇಳಿಯಲ್ಲ ಅಂದರೆ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. "ಎಕ್ಸ್‌ಕ್ಯೂಸ್ ಮಿ"ಯ ಅನುವಾದ ಹುಡುಕುತ್ತಾ ನಿಂತರೆ ಸ್ಟೇಷನ್ ದಾಟಿಹೋಗುತ್ತದೆ.

ಇನ್ನೊಂದು, ನಿಮ್ಮ ಮಾತೃಭಾಷೆ ಯಾವುದು ಅಂತ ಕೇಳಿದರೆ "ಖಾ ನಾ ತಾ ಯೂ" ಅಂತ ಬಿಡಿಸಿ ಹೇಳಿ. ಕೆನಡಾ ದೇಶ "ಚ್ಯಾ ನಾ ತಾ". ಸದ್ದು ಹತ್ತಿರ, ನನ್ನ ಗೆಳತಿ ನಾನು ಕೆನಡಾ ಭಾಷೆ ಅಂದೆ ಅಂದುಕೊಂಡಿದ್ದಳು.

ವಾಸ್ಕೋ ಬಂದರು:

ಸಸ್ಯಾಹಾರಿಗಳಿಗೆ: "ವೋ ಛ್ರ ಸು" ಅಂದರೆ ನಾನು ಸಸ್ಯಾಹಾರಿ. ಆದರೂ ಹುರಿದ ತರಕಾರಿಯಲ್ಲಿ ಮಾಂಸದ ಚೂರು, ಹಂದಿ ಕೊಬ್ಬು ಇರಬಹುದು, ಬಿಡಿಸಿ ಕೇಳಿ. ಅಲ್ಲಿಯ ಕಟ್ಟಾ ಬೌದ್ಧರು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ, ಹಾಗಾಗಿ ನಮ್ಮ ಮಡಿ ಊಟದವರ ಕಷ್ಟ ಅವರಿಗೆ ಬೇಗ ಅರ್ಥವಾಗುತ್ತದೆ. ಗ್ಲಾಸು ಎತ್ತಿ "ಕಾನ್ ಪೇಯ್" ಅಂದರೆ ಪೂರ್ತಿ ಖಾಲಿ ಮಾಡಬೇಕು ಅಂತ. ಕುಡಿಯದವರು "ವೋ ಯೀ ಛಾ ತಾಯ್ ಚ್ಯೋ" ಅನ್ನಿ, ಹೆಂಡದ ಬದಲು ನನ್ನದು ಟೀ. ಅದಕ್ಕೆ ಪೂರ್ತಿ ಮರ್ಯಾದೆ ಇದೆ.

ಡೊಂಬಿವಲಿ ಲೋಕಲ್:

ಮೇಡಂ, ಕೊನೆಗೆ ನನ್ನ ಕೆಲಸದ ಪ್ರಶ್ನೆ. 2020ರ ಜೂನಿನಲ್ಲಿ ಚೀನೀಯರ ಚಾಟ್ ಆ್ಯಪ್ ವೀಚಾಟ್ ಇಲ್ಲಿ ಬಂದ್ ಆದಮೇಲೆ ನಾನು ಸಪ್ಲೈಯರ್‌ಗಳಿಗೆ ಮೇಲ್ ಬರೆಯೋದೇ ಜಾಸ್ತಿ. ನಮ್ಮ ಆಫೀಸಿನ ಇಂಗ್ಲಿಷ್ ನಿಮಗೆ ಗೊತ್ತಲ್ಲ, "ಕೈಂಡ್ಲಿ ರಿವರ್ಟ್ ಅಟ್ ದಿ ಅರ್ಲಿಯೆಸ್ಟ್ ವಿತ್ ಬೆಸ್ಟ್ ಪ್ರೈಸ್ ಆಂಡ್ ಡು ದ ನೀಡ್‌ಫುಲ್". ಇದನ್ನು ಚೀನೀಯಲ್ಲಿ ಹೇಗೆ ಬರೆಯಲಿ?

ಮಾಟುಂಗಾದವಳು:

"ರಿವರ್ಟ್" ಅನ್ನೋದಕ್ಕೆ ಉತ್ತರ ಕೊಡಿ ಅನ್ನುವ ಅರ್ಥ ಇರೋದು ಹೆಚ್ಚಾಗಿ ನಮ್ಮ ಕಡೆಯ ಆಫೀಸುಗಳಲ್ಲೇ. ಆ್ಯಪ್‌ಗೆ ಕೊಟ್ಟರೆ ಅದು ಮೊದಲಿನ ಸ್ಥಿತಿಗೆ ವಾಪಸ್ ಮಾಡಿ ಅಂತ ತಿರುಗಿಸಬಹುದು. "ಡು ದ ನೀಡ್‌ಫುಲ್" ಬಿಟ್ಟುಬಿಡಿ, ಅದರಲ್ಲಿ ಕೇಳೋದು ಏನೂ ಇಲ್ಲ.

ಅದೇ ಸಪ್ಲೈಯರ್ ನಿಮ್ಮ ಅಂಗಡಿಗೇ ಬಂದು ಕೂತಿದ್ದರೆ ಏನನ್ನುತ್ತಿದ್ರಿ? "ರೇಟು ಇನ್ನೂ ಸ್ವಲ್ಪ ಇಳಿಸೋಕಾಗುತ್ತಾ? ತೊಂದ್ರೆ ಕೊಡ್ತಿದ್ದೀನಿ, ಸ್ವಲ್ಪ ಬೇಗ ಹೇಳಿ." ಅಷ್ಟೇ ತಾನೇ? ಅದನ್ನೇ ಬರೆಯಿರಿ. "ಚ್ಯಾ ಕ ಹಾಯ್ ನಂಗ್ ತ್ಸಾಯ್ ತಿ ಯೀ ತ್ಯೆನ್ ಮಾ? ಮಾ ಫ಼ಾನ್ ನಿನ್ ಚಿನ್ ಖ್ವಾಯ್ ಹ್ವೇಯ್ ಫ಼ು ಯೀ ಶ್ಯಾ." ಮಾ ಫ಼ಾನ್ ಅಂದರೆ ತೊಂದರೆ. ಉತ್ತರ ಬಂದಮೇಲೆ ಬರೀ ಥ್ಯಾಂಕ್ಸ್ ಬದಲು "ಶಿನ್ ಖು ಲ" ಸೇರಿಸಿ, ಕಷ್ಟಪಟ್ಟು ಮಾಡಿಕೊಟ್ರಿ ಅಂತ. ಕೆಲಸ ಮಾಡಿಕೊಟ್ಟವರಿಗೆ ಅದು ಹೆಚ್ಚು ಹಿತ.

ಕೋಥ್ರೂಡ್ ವಿದ್ಯಾರ್ಥಿನಿ:

ಅದರ ಜೊತೆ "ಹಾನ್ ಷ್ವೇಯ್ ಮಾ?" ಅಂತಲೂ ಕೇಳಿ ಅಣ್ಣ, ತೆರಿಗೆ ಸೇರಿಸಿದ ರೇಟಾ ಅಂತ. ಅಲ್ಲಿ ಎರಡು ರೇಟು ಹೇಳೋದು ಮಾಮೂಲು, ಕೇಳದಿದ್ದರೆ ಕಡಿಮೆ ಇರುವುದನ್ನೇ ಹೇಳಿಬಿಡಬಹುದು.

ಡೊಂಬಿವಲಿ ಲೋಕಲ್:

ಇದು ಯಾರೂ ಹೇಳಿರಲಿಲ್ಲ. ಇವತ್ತಿನ ಮೇಲ್‌ನಲ್ಲೇ ಮೂರೂ ಹಾಕ್ತೀನಿ. ಸಾಗಣೆ ಖರ್ಚು ಸೇರಿದೆಯಾ ಅಂತ ಕೇಳೋದಕ್ಕೂ ಅದೇ "ಹಾನ್" ನಡೆಯುತ್ತಾ?

ಕೋಥ್ರೂಡ್ ವಿದ್ಯಾರ್ಥಿನಿ:

ನಡೆಯುತ್ತೆ. "ಹಾನ್ ಯುನ್ ಫ಼ೇಯ್ ಮಾ?" ಆದರೆ ಎಲ್ಲಿಯವರೆಗಿನ ಸಾಗಣೆ ಅಂತ ಬಂದರಿನ ಹೆಸರು ಹಾಕಿಯೇ ಕೇಳಿ, ಅವರ ಬಂದರಿನ ತನಕವಾ, ನವಾಶೇವಾ ತನಕವಾ ಅಂತ.